ಅತ್ತೆಯ ಕಾಲು, ನನ್ನ ಟೊಂಕ

ನೋವುಗಳಲ್ಲಿ ಮರ್ಯಾದೆ ಉಳ್ಳವು, ಮರ್ಯಾದೆ ಇಲ್ಲದವು ಎಂಬ ಎರಡು ಜಾತಿ ಇವೆಯೆಂಬುದು ನನ್ನ ಅಭಿಪ್ರಾಯ. ಜ್ವರಕ್ಕೆ ಮರ್ಯಾದೆ ಇದೆ. ಹಣೆ ಮುಟ್ಟಿದವರು "ಅಯ್ಯ, ಕೆಂಡ ಆಗೇತಿ" ಎಂದು ಕೈ ಹಿಂದಕ್ಕೆ ಎಳೆದುಕೊಂಡು ಗಂಜಿ ಕಾಯಿಸಲು ಓಡುತ್ತಾರೆ. ಕೈ ಮುರಿದರೆ ಕಟ್ಟು ಕಾಣುತ್ತದೆ. ಕಟ್ಟು ಬಿಚ್ಚುವವರೆಗೆ ಮುಸುರೆ ತಿಕ್ಕುವುದು ತಪ್ಪುತ್ತದೆ. ಹಲ್ಲುನೋವಿಗೂ ಗಲ್ಲ ಊದಿ ಸಾಕ್ಷಿ ಹೇಳುತ್ತದೆ. ಟೊಂಕನೋವಿಗೆ ಮಾತ್ರ ಯಾವ ಸಾಕ್ಷಿಯೂ ಇಲ್ಲ. ನೋಡಿದವರಿಗೆ ನಾವು ಎಂದಿನಂತೆಯೇ ಕಾಣುತ್ತೇವೆ. ನಾನು ಒಂದು ಕೊಡ ನೀರು ಎತ್ತಲಾರದೆ ಬಾವಿಕಟ್ಟೆಯ ಮೇಲೆ ಹಲ್ಲು ಕಚ್ಚಿ ನಿಂತಿದ್ದಾಗ ನಮ್ಮ ಓಣಿಯ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಇಕಿಗೇನಾಗೇತಿ ಧಾಡಿ? ಗುಂಡಕಲ್ಲ ಇದ್ದಂಗ ಅದಾಳ." ಆ ಮಾತು ನನ್ನ ಟೊಂಕಕ್ಕಿಂತ ಹೆಚ್ಚು ನೋಯಿಸಿತು. ಎಂದಾದರೂ ಒಂದು ದಿನ ಇವಳ ಟೊಂಕವೂ ಹಿಡಿಯಲಿ ಎಂದು ಮನಸ್ಸಿನಲ್ಲಿ ಹಾರೈಸಿದೆ. ನಾನು ಅಷ್ಟೇನೂ ಒಳ್ಳೆಯವಳಲ್ಲ.

ನಾನು ಸವಣೂರಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುತ್ತಾರೆ. ಒಂದನೆಯ ಇಯತ್ತೆಯ ಅಕ್ಕೋರ ಮುಖ್ಯ ಕೆಲಸ ಬಗ್ಗುವುದು. ಹುಡುಗಿಯರು ಚಾಪೆಯ ಮೇಲೆ ಕುಳಿತು ಪಾಟಿಯ ಮೇಲೆ ಬರೆಯುತ್ತಾರೆ; ಅಕ್ಕೋರು ಒಬ್ಬೊಬ್ಬಳ ಮುಂದೆ ಬಗ್ಗಿ, ಕೈ ಹಿಡಿದು ತಿದ್ದಿಸಿ, ಎದ್ದು, ಮುಂದಿನವಳ ಮುಂದೆ ಮತ್ತೆ ಬಗ್ಗಬೇಕು. ಹೀಗೆ ಬಗ್ಗಿ ಬಗ್ಗಿ ಎಷ್ಟೋ ವರ್ಷ ಏನೂ ಆಗಲಿಲ್ಲ. ಒಂದು ದಿನ ನೆಲಕ್ಕೆ ಬಿದ್ದ ಬಳಪದ ಚೂರೊಂದನ್ನು ಎತ್ತಲು ಹೋದೆ, ನೋಡಿ, ಅಲ್ಲಿಗೇ ಹಿಡಿಯಿತು. ಮೇಲೆ ಏಳಲು ಬರಲಿಲ್ಲ. ಕೈಗಳನ್ನು ಮೊಣಕಾಲಿನ ಮೇಲೆ ಊರಿ, ನೆಲ ನೋಡುತ್ತ ಹಾಗೆಯೇ ನಿಂತೆ. ತರಗತಿ ನಿಶ್ಶಬ್ದವಾಯಿತು. ಎಂದೂ ಇಷ್ಟು ಸುಮ್ಮನಿರದ ಮಕ್ಕಳಿಗೆ ಏನಾಯಿತೆಂದು ಕತ್ತು ಮಾತ್ರ ಹೊರಳಿಸಿ ನೋಡಿದರೆ, ಇಡೀ ಇಯತ್ತೆ ಎದ್ದು ನಿಂತು, ಮೊಣಕಾಲ ಮೇಲೆ ಕೈ ಊರಿ, ನೆಲ ನೋಡುತ್ತಿತ್ತು. ಅಕ್ಕೋರು ಹೊಸ ಕವಾಯತು ಹೇಳಿಕೊಡುತ್ತಿದ್ದಾರೆಂದು ಪಾಪ, ಅವು ತಿಳಿದಿದ್ದವು.

ಅದು ನಾಲ್ಕು ದಿನದಲ್ಲಿ ಬಿಡುತ್ತದೆ ಎಂದುಕೊಂಡೆ. ಬಿಡಲಿಲ್ಲ. ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿದ್ದಾಗ ಹಿಡಿದ ಟೊಂಕ, ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಿಡಲಿಲ್ಲ. ಸರಕಾರವೇ ಬದಲಾದರೂ ಜಗ್ಗದ ನೋವು ಸಾಮಾನ್ಯದ್ದಲ್ಲವೆಂದು ಆಗ ನನಗೆ ಖಾತ್ರಿಯಾಯಿತು. ಕೆಲವು ದಿನ ಸಣ್ಣಗೆ ಗುಣುಗುಣು ಎನ್ನುತ್ತ ಕುಳಿತಿರುತ್ತಿತ್ತು. ಕೆಲವು ದಿನ ಎದ್ದು ಕಾಲಿನವರೆಗೂ ಚಳಕು ಹೊಡೆಯುತ್ತಿತ್ತು. ಬೆಳಗ್ಗೆ ಕಣ್ಣು ಬಿಡುವ ಮೊದಲು 'ಇವತ್ತು ಹೇಗಿದ್ದೀ?' ಎಂದು ಗಂಡನನ್ನಲ್ಲ, ಟೊಂಕವನ್ನು ವಿಚಾರಿಸುವ ರೂಢಿ ಬಿತ್ತು.

ಇಷ್ಟು ಓದಿದ ನಮ್ಮ ಕಡೆಯವರು ಯಾರಾದರೂ "ಅದಕ್ಯಾಕ ಇಷ್ಟು ಒದ್ದಾಟ? ಕಾಲು ಮುಂದಾಗಿ ಹುಟ್ಟಿದವರ ಕಡೆ ಒದಿಸಿಕೊಂಡ್ರ ಮುಗೀತು" ಎನ್ನದೆ ಇರಲಾರರು. ತಾಯಿಯ ಹೊಟ್ಟೆಯಿಂದ ತಲೆ ಮುಂದಾಗಿ ಬರುವುದನ್ನು ಬಿಟ್ಟು ಕಾಲು ಮುಂದಾಗಿ ಬಂದವರ ಪಾದಕ್ಕೆ ಹಿಡಿದ ಟೊಂಕ ಬಿಡಿಸುವ ಗುಣವಿರುತ್ತದೆಂದು ನಮ್ಮಲ್ಲಿ ಗಟ್ಟಿ ನಂಬಿಕೆ. ನೋವಿದ್ದವರು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು. ಕಾಲು ಮುಂದಾದವರು ಎಡಗಾಲಿನಿಂದ ಟೊಂಕಕ್ಕೆ ಮೂರು ಸಲ ಒದೆಯಬೇಕು. ಅಂಥವರನ್ನು ಹುಡುಕಿಕೊಂಡು ಜನ ಊರೂರು ಅಲೆಯುತ್ತಾರೆ. ನಾನು ಎಲ್ಲಿಗೂ ಅಲೆಯಬೇಕಿರಲಿಲ್ಲ. ಹಾಗೆ ಹುಟ್ಟಿದವರು ನಮ್ಮ ಮನೆಯಲ್ಲಿಯೇ, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ನನ್ನ ಅತ್ತೆ!

ಅತ್ತೆಯ ತವರು ಚಿಕ್ಕೇರೂರು. ಅಲ್ಲಿ ಅವರು ಕಾಲು ಮುಂದಾಗಿ ಹುಟ್ಟಿದ ಸುದ್ದಿ ಅವರಿಗಿಂತ ಮೊದಲೇ ಸವಣೂರಿಗೆ ಬಂದಿತ್ತಂತೆ. ಭಾನುವಾರ ಬೆಳಗಾದರೆ ಶಿಗ್ಗಾಂವಿ, ದುಂಡಸಿ ಎಲ್ಲ ಕಡೆಯಿಂದ ಟೊಂಕ ಹಿಡಿದುಕೊಂಡವರು ಬಸ್ಸಿಳಿದು "ಒದಿಯೂ ಅವ್ವಾರ ಮನಿ ಯಾವುದ್ರಿ?" ಎಂದು ಕೇಳುತ್ತ ಬರುತ್ತಿದ್ದರು. ಅತ್ತೆ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಒಬ್ಬಾತ ಪ್ರೀತಿಯಿಂದ ಸವಣೂರಿನ ಖಾರದ ತಿನಿಸಿನ ಪುಡಿಕೆಯೊಂದನ್ನು ಕಟ್ಟೆಯ ಮೇಲೆ ಇಟ್ಟು ಹೋಗಿದ್ದಕ್ಕೆ ಓಣಿಯ ತುದಿಯವರೆಗೂ ಕೂಗಿ ವಾಪಸು ಕೊಟ್ಟಿದ್ದರು. ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ಇನ್ನೊಂದು ಕಟ್ಟುನಿಟ್ಟು ಇತ್ತು, ನನ್ನ ಗಂಟಲಿಗೆ ಸಿಕ್ಕಿದ್ದು ಅದೇ: ನೋವಿದ್ದವರು ತಾವಾಗಿ ಬಾಯಿಬಿಟ್ಟು "ನನ್ನ ಒದೀರಿ" ಎಂದು ಕೇಳಬೇಕು. ಕೇಳದೆ ಒದ್ದರೆ ಅದು ಬರೀ ಒದೆ, ಔಷಧವಲ್ಲ.

ಈಗ ನೀವೇ ಹೇಳಿ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಬಂದವಳು, ನೂರಾರು ಹುಡುಗಿಯರಿಗೆ ಮೂಢನಂಬಿಕೆ ಬೇಡವೆಂದು ಪಾಠ ಹೇಳಿದವಳು, ಅತ್ತೆಯ ಮುಂದೆ ಹೊಸ್ತಿಲಲ್ಲಿ ಬೋರಲು ಬಿದ್ದು "ಅತ್ಯಾರ, ನನ್ನ ಒದೀರಿ" ಎನ್ನುವುದೇ? ಸೊಸೆಗೆ ಒದೆಯುವ ಅತ್ತೆಯರು ಊರಲ್ಲಿ ಬೇಕಾದಷ್ಟು ಇದ್ದರು. ಕೇಳಿ ಒದೆಸಿಕೊಂಡ ಸೊಸೆ ಎಂಬ ಹೆಸರು ನನಗೆ ಬೇಡವಾಗಿತ್ತು. ಅತ್ತೆಯೂ ಕೇಳಲಿ ಎಂದು ಕಾದರು. ನೇರವಾಗಿ ಒಂದು ದಿನವೂ ಹೇಳಲಿಲ್ಲ. ಎಮ್ಮೆಗೆ ಹಿಂಡಿ ಕಲಸುತ್ತ ಎಮ್ಮೆಗೇ ಹೇಳುತ್ತಿದ್ದರು: "ನೋಡವಾ, ಊರ ಮಂದಿ ಬಸ್ಸಿಗೆ ರೊಕ್ಕಾ ಕೊಟ್ಟು ಬರ್ತಾರ. ಮನ್ಯಾಗ ಇದ್ದವ್ರಿಗೆ ಬ್ಯಾಡಾಗೇತಿ." ನಾನೂ ಎಮ್ಮೆಗೆ ಕೇಳಿಸುವಂತೆ "ಸಾಲಿಗೆ ಹೊತ್ತಾತು" ಎಂದು ಹೊರಡುತ್ತಿದ್ದೆ. ನಮ್ಮ ಮನೆಯವರು, ಮಾಮಲೇದಾರ ಕಚೇರಿಯಲ್ಲಿ ಕಾರಕೂನರು, ಈ ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರಲಿಲ್ಲ. ತಾಯಿಯ ಕಡೆ ಒಂದು ಸಲ ನೋಡಿ, ನನ್ನ ಕಡೆ ಒಂದು ಸಲ ನೋಡಿ, ಊಟದ ತಾಟು ನೋಡುತ್ತ ಉಳಿಯುವ ಕಲೆ ಅವರಿಗೆ ಸಿದ್ಧಿಸಿತ್ತು.

ಒದೆ ಬಿಟ್ಟು ಉಳಿದದ್ದನ್ನೆಲ್ಲ ಮಾಡಿಯೇ ತೀರುತ್ತೇನೆಂದು ಹಟ ತೊಟ್ಟೆ. ಮೊದಲು ಹುಬ್ಬಳ್ಳಿಯ ಡಾಕ್ಟರರು. ಅವರು ಬೆನ್ನನ್ನು ಬೆರಳಿನಿಂದ ತಟ್ಟಿ, ಗಾದಿ ಬಿಟ್ಟು ಹಲಗೆಯ ಮೇಲೆ ಮಲಗಲು ಹೇಳಿದರು. ಮನೆಯಲ್ಲಿ ನನ್ನಷ್ಟು ಉದ್ದದ ಹಲಗೆ ಎಂದರೆ ಹಿತ್ತಲ ಬಾಗಿಲು ಒಂದೇ. ಮನೆಯವರು ಅದನ್ನು ಕಳಚಿ ತಂದು ಹಾಸಿದರು. ಬಾಗಿಲ ಮೇಲೆ ನಾನು ಮಲಗಿದೆ. ಬಾಗಿಲಿಲ್ಲದ ಹಿತ್ತಲಿನಿಂದ ಪಕ್ಕದ ಮನೆಯ ಆಡು ಒಳಗೆ ಬಂದು ಅತ್ತೆಯ ವೀಳ್ಯದೆಲೆಯ ಕಟ್ಟನ್ನು ಪೂರ್ತಿ ತಿಂದು ಹೋಯಿತು. ಅತ್ತೆ ಬೇರೆ ಯಾವುದನ್ನಾದರೂ ಸಹಿಸಿಯಾರು, ಎಲೆಯ ವಿಷಯದಲ್ಲಿ ಸಹಿಸುವವರಲ್ಲ. ಮರುದಿನವೇ ಬಾಗಿಲು ತನ್ನ ಜಾಗಕ್ಕೆ ಹೋಯಿತು, ನಾನು ನೆಲಕ್ಕೆ ಬಂದೆ.

ಆಮೇಲೆ ನಮ್ಮೂರಿನ ಹಕೀಮ ಸಾಹೇಬರು. ಬಿಳಿ ಗಡ್ಡದ ಸಾವಧಾನದ ಮನುಷ್ಯ. ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಕಪ್ಪನೆಯ ಎಣ್ಣೆಯೊಂದನ್ನು ಕೊಟ್ಟು, "ಬೇಟಿ, ಪೂರಾ ಹೋಗ್ತದ ಅಂತ ನಾ ಸುಳ್ಳು ಹೇಳೂದಿಲ್ಲ. ಕಮ್ಮಿ ಆಗ್ತದ. ನೀನು ಮಾತ್ರ ನಡೀಲಿಕ್ಕೆ ಬಿಡಬ್ಯಾಡ" ಎಂದರು. ನನಗೆ ಸಿಕ್ಕ ಮದ್ದುಗಾರರಲ್ಲಿ ಇಷ್ಟು ಪ್ರಾಮಾಣಿಕರು ಇನ್ನೊಬ್ಬರಿಲ್ಲ, ಅದಕ್ಕೇ ನನಗೆ ಆಗ ಅವರ ಮೇಲೆ ಸಿಟ್ಟು ಬಂತು. ಎಣ್ಣೆಯಿಂದ ಸ್ವಲ್ಪ ಹಗುರಾದದ್ದು ನಿಜ. ಆದರೆ ಅದರಲ್ಲಿ ಬೆಳ್ಳುಳ್ಳಿ ಎಷ್ಟಿತ್ತೆಂದರೆ, ನಾನು ಸಾಲಿಯ ತಿರುವಿನಲ್ಲಿ ಇರುವಾಗಲೇ ಒಳಗೆ ಹುಡುಗಿಯರು "ಅಕ್ಕೋರು ಬಂದ್ರು, ಅಕ್ಕೋರು ಬಂದ್ರು" ಎಂದು ಗದ್ದಲ ನಿಲ್ಲಿಸಿ ಕುಳಿತುಬಿಡುತ್ತಿದ್ದರು. ಶಿಸ್ತಿನ ದೃಷ್ಟಿಯಿಂದ ಅದು ಉತ್ತಮವಾದ ಎಣ್ಣೆ.

ಹಾನಗಲ್ಲಿನಿಂದ ನಮ್ಮವ್ವ ಡಬ್ಬಿ ತುಂಬ ಅಂಟಿನುಂಡೆ ಹೊತ್ತು ಬಂದಳು. "ಟೊಂಕಕ್ಕ ಇದರಷ್ಟು ಗಟ್ಟಿ ಯಾವುದೂ ಇಲ್ಲವಾ, ದಿನಾ ಒಂದು ತಿನ್ನು" ಎಂದಳು. ತಿಂದೆ. ಅಂಟಿನುಂಡೆ ಬಾಣಂತಿಯರಿಗೆ ಕೊಡುವ ತಿನಿಸು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ, ಓಣಿಗೆ ಹೊಳೆಯಿತು. ತವರಿನಿಂದ ತಾಯಿ ಬಂದಿದ್ದಾಳೆ, ತುಪ್ಪದಲ್ಲಿ ಅಂಟು ಹುರಿದ ವಾಸನೆ ಬರುತ್ತಿದೆ, ಅಕ್ಕೋರು ಟೊಂಕದ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಾರೆ. ಮೂರನೆಯ ದಿನ ಬಾವಿಕಟ್ಟೆಯ ಆ ಹೆಂಗಸೇ ಕೂಸಿನ ತಲೆಗೆ ಹಾಕುವ ಸಣ್ಣ ಕುಂಚಿಗೆಯೊಂದನ್ನು ಹೊಲಿದು ತಂದು, "ಕೂಸು ಎಲ್ಲೈತ್ರಿ?" ಎಂದು ಮನೆಯೆಲ್ಲ ಕಣ್ಣಾಡಿಸಿದಳು. ಕೂಸಿಲ್ಲ, ನೋವು ಮಾತ್ರ ಇದೆ ಎಂದೆ. ಅವಳಿಗೆ ನಿರಾಶೆಯಾಯಿತು. ಕುಂಚಿಗೆ ಚೆನ್ನಾಗಿತ್ತು, ಅವಳು ಅದನ್ನು ಮರಳಿ ಒಯ್ದಳು.

ಇದೆಲ್ಲ ನಗುವ ಮಾತಾಯಿತು. ನಗಲಾರದ ಮಾತು ಆ ವರ್ಷ ದಸರೆಯ ಮುಂದೆ ಬಂತು. ನಮ್ಮ ಸಾಲಿಯ ಮುಖ್ಯಸ್ಥರನ್ನು ದೊಡ್ಡಕ್ಕೋರು ಎನ್ನುತ್ತಿದ್ದೆವು. ಅವರು ನನ್ನನ್ನು ಕರೆದು, ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದಲೇ ಹೇಳಿದರು: "ಹಬ್ಬ ಆದ ಮ್ಯಾಲೆ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಒಂದನೇ ಇಯತ್ತೇದು ಪಾಟಿ ತಿದ್ದೂದು ಅರ್ಧಕ್ಕ ನಿಂತೈತಿ. ನಿಮಗ ಬಗ್ಗಾಕ ಆಗೂದಿಲ್ಲ ಅಂತ ಗೊತ್ತಾದ್ರ, ಮನಿಗೆ ಹೋಗ್ರಿ ಅಂತಾರ. ನಾ ಏನು ಮಾಡ್ಲಿ ಹೇಳ್ರಿ?" ನಾನು ಹೊರಗೆ ಬಂದೆ. ನನ್ನ ಇಯತ್ತೆಯ ಹುಡುಗಿಯರಲ್ಲಿ ಎಲೆತೋಟದವರ ಮಕ್ಕಳಿದ್ದರು, ಕುಶಲ ಕೆಲಸದ ಮುಸಲ್ಮಾನರ ಮಕ್ಕಳಿದ್ದರು. ಮನೆಮನೆಗೆ ಹೋಗಿ, "ನಾ ಇರ್ತೇನಿ, ಕಳಸ್ರಿ" ಎಂದು ಅವರ ತಾಯಂದಿರಿಗೆ ಮಾತು ಕೊಟ್ಟು ಕರೆತಂದ ಮಕ್ಕಳು. ನಾನು ಮನೆಗೆ ಹೋದರೆ ನನ್ನ ಹಿಂದೆ ಅವೂ ಮನೆಗೆ ಹೋಗುತ್ತವೆ, ಮತ್ತೆ ಬರುವುದಿಲ್ಲ. ಅಂದು ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತ ಮನಸಾರೆ ಕಣ್ಣೀರು ಹಾಕಿದೆ. ಆಮೇಲೆ ಮುಖ ಒರೆಸಿಕೊಂಡು ತೀರ್ಮಾನ ಮಾಡಿದೆ. ಸಾಲಿಯನ್ನಂತೂ ಬಿಡುವುದಿಲ್ಲ. ಅದಕ್ಕಾಗಿ ಒದೆಸಿಕೊಳ್ಳಬೇಕೆಂದರೆ ಒದೆಸಿಕೊಳ್ಳುತ್ತೇನೆ.

ಬಂದ ಭಾನುವಾರ, ಹೊರಗಿನವರು ಬರುವ ಮೊದಲೇ ಎದ್ದು, ಮಿಂದು, ಮುಂಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಿದೆ. ಮೂಗು ಜಗಲಿಯ ಕಲ್ಲಿಗೆ ತಾಗಿತ್ತು. ಆ ಕಲ್ಲಿಗೇ ಹೇಳುವಂತೆ ಅಂದೆ: "ಅತ್ಯಾರ, ನನ್ನ ಒದೀರಿ."

ಒದೆ ಬೀಳಲಿಲ್ಲ. ಅತ್ತೆಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಅಂದೆ. ಓಣಿಯಲ್ಲಿ ಹಾಲು ಕೊಡುವವನು ನಿಂತುಬಿಟ್ಟ. ಕೊನೆಗೆ ಹಿಂದಿನಿಂದ ಅತ್ತೆಯ ದನಿ ಬಂತು. ನಾನು ಎಂದೂ ಕೇಳದ ಸಣ್ಣ ದನಿ. "ಎದ್ದೇಳು ತಂಗಿ. ನನ್ನ ಕೈಲೆ ಆಗೂದಿಲ್ಲ."

"ಯಾಕ್ರಿ? ನಾ ಇಷ್ಟು ದಿನ ಕೇಳಲಿಲ್ಲ ಅಂತ ಸಿಟ್ಟೇನ್ರಿ?"

"ಸಿಟ್ಟಲ್ಲವಾ. ಹ್ವಾದ ವಾರದ ತನಕ ಹೆಂಗೋ ಎತ್ತಿದೆ, ಇನ್ನ ಮೊಣಕಾಲು ಏಳೂದಿಲ್ಲ."

ನಾನು ಮಲಗಿದಲ್ಲಿಂದಲೇ ಕತ್ತು ಹೊರಳಿಸಿದೆ. ಅತ್ತೆ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರ ಎಡಗಾಲು ನೆಲದಿಂದ ಒಂದಿಷ್ಟು ಎದ್ದು ಮತ್ತೆ ನೆಲಕ್ಕೇ ಇಳಿಯಿತು. ವರ್ಷಗಳಿಂದ ಅವರ ಎಡ ಮೊಣಕಾಲು ನೋಯುತ್ತಿತ್ತಂತೆ. ಭಾನುವಾರ ಒದೆಯುವಾಗ ಅವರು ಚೌಕಟ್ಟು ಹಿಡಿದು ಬಾಯಲ್ಲೇ ಏನೋ ಗುಣುಗುತ್ತಿದ್ದದ್ದನ್ನು ಎಲ್ಲರೂ ಮಂತ್ರವೆಂದು ತಿಳಿದು ಕೈ ಮುಗಿಯುತ್ತಿದ್ದರು. ಅದು "ಯವ್ವಾ, ಸತ್ತೆ, ಯಪ್ಪಾ" ಎಂಬುದಾಗಿತ್ತೆಂದು ನನಗೆ ಆವತ್ತು ಗೊತ್ತಾಯಿತು.

"ಮತ್ತ ಯಾಕ ಹೇಳಲಿಲ್ಲರಿ?" ಎಂದೆ.

"ಮಂದಿ ನೋವು ಬಿಡಸಾಕಿ ತನ್ನ ನೋವು ಹೇಳ್ಕೊಂಡ್ರ ಯಾರು ಬರ್ತಾರವಾ? ಅಲ್ಲದ, ನೀ ದಿನಾ ಟೊಂಕ ಹಿಡಕೊಂಡ ಸಾಲಿಗೆ ಹೋಗ್ತಿದ್ದಿ. ಇಕಿ ಇಷ್ಟು ನೋವಿನ್ಯಾಗ ಅಷ್ಟು ದೂರ ನಡೀತಾಳ, ನನಗ ಇಲ್ಲೇ ಬಾಗಲ್ದಾಗ ನಿಂದ್ರಾಕ ಏನ್ ಧಾಡಿ ಅಂತ ನಾನೂ ಏಳ್ತಿದ್ದೆ."

ಎಮ್ಮೆಯನ್ನು ನಡುವೆ ಇಟ್ಟುಕೊಂಡು ಇಷ್ಟು ವರ್ಷ ಜಗಳವಾಡಿದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಡೆಯುತ್ತಿದ್ದೆವು! ಆದರೆ ಮಲಗಿದ್ದು ಮಲಗಿದ್ದೇನೆ, ಬಾಯಿಬಿಟ್ಟು ಕೇಳಿದ್ದೇನೆ, ಹಾಲಿನವನು ನೋಡಿದ್ದಾನೆ. ಈಗ ಬರಿಗೈಯಲ್ಲಿ ಏಳುವ ಪ್ರಶ್ನೆಯೇ ಇರಲಿಲ್ಲ. "ಅತ್ಯಾರ, ನಿಮ್ಮ ಕಾಲು ಯಾರರ ಎತ್ತಿ ಇಟ್ರ ನಡಿಯೂದಿಲ್ಲೇನ್ರಿ?" ಎಂದು ಕೇಳಿದೆ. ಅತ್ತೆ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ನ್ಯಾಯಾಧೀಶರಂತೆ ತೀರ್ಪು ಕೊಟ್ಟರು: "ಕಾಲು ನಂದ ಐತಿ. ಎತ್ತಾವ್ರು ಯಾರಾದ್ರ ಏನಾತು?" ಎಂದವರೇ ಒಳಗೆ ತಿರುಗಿ ಮಗನನ್ನು ಕೂಗಿದರು.

ಮನೆಯವರು ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡಿದ್ದವರು ಹಾಗೆಯೇ ಬಂದರು. ಹೊಸ್ತಿಲಲ್ಲಿ ಬೋರಲು ಬಿದ್ದ ಹೆಂಡತಿ, ಚೌಕಟ್ಟು ಹಿಡಿದ ತಾಯಿ. "ನನ್ನ ಕಾಲು ಎತ್ತಿ ಇಕಿ ಟೊಂಕಕ್ಕ ಒದಿಯಪಾ" ಎಂದರು ಅತ್ತೆ. ಮನೆಯವರು ರೂಢಿಯಂತೆ ತಾಯಿಯ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು. ನೋಡಲು ಊಟದ ತಾಟು ಇರಲಿಲ್ಲ. "ಎತ್ತರಿ, ನನಗ ಸಾಲಿಗೆ ಹೋಗೂದೈತಿ" ಎಂದು ನಾನು ನೆಲದಿಂದ ಗದರಿಸಿದೆ. ಭಾನುವಾರ ಸಾಲಿ ಇಲ್ಲವೆಂದು ಹೇಳುವ ಧೈರ್ಯ ಅವರಿಗೆ ಆಗಲಿಲ್ಲ. ಕೂಸನ್ನು ಎತ್ತುವಂತೆ ತಾಯಿಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಮೂರು ಸಲ ನನ್ನ ಟೊಂಕಕ್ಕೆ ಮುಟ್ಟಿಸಿ, ಪ್ರತಿ ಸಲವೂ "ತಪ್ಪು ತಿಳೀಬ್ಯಾಡ" ಎಂದರು. ತಾಯಿಗೆ ಹೇಳಿದರೋ ನನಗೋ ಇಂದಿಗೂ ಗೊತ್ತಿಲ್ಲ.

ನೋವು ಹೋಯಿತೇ ಎಂದು ಕೇಳುತ್ತೀರಿ. ಹೋಗಲಿಲ್ಲ. ಮರುದಿನ ಬೆಳಗ್ಗೆ ವಿಚಾರಿಸಿದಾಗ ಎಂದಿನ ಜಾಗದಲ್ಲಿಯೇ ಇತ್ತು. ಆದರೆ ಒಂದು ಲಾಭವಾಯಿತು. ಮಾಡದೆ ಉಳಿದ ಮದ್ದು ಇನ್ನು ಒಂದೂ ಇಲ್ಲವೆಂದು ಗೊತ್ತಾದ ಮೇಲೆ ನನಗೆ ವಿಚಿತ್ರ ಧೈರ್ಯ ಬಂತು. ಇದು ಹೋಗುವ ನೆಂಟನಲ್ಲ. ಇರಲಿ. ಇರುವುದಾದರೆ ನನ್ನ ಸಾಲಿಯ ವೇಳೆಗೆ ಹೊಂದಿಕೊಂಡು ಇರಬೇಕು. ಅತ್ತೆಯ ಕಾಲು ಏಳದಿದ್ದರೆ ಬೇರೆಯವರು ಎತ್ತಬಹುದು ಎಂದಾದರೆ, ನಾನು ಬಗ್ಗದಿದ್ದರೆ ಪಾಟಿ ಯಾಕೆ ಮೇಲೆ ಬರಬಾರದು? ನಮ್ಮ ಸಾಲಿಯಲ್ಲಿ ಒಂದೇ ಒಂದು ಉದ್ದನೆಯ ಬಾಂಕು ಇತ್ತು. ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಕೂರಲೆಂದು ಬಟ್ಟೆ ಮುಚ್ಚಿ ಇಟ್ಟದ್ದು. ಅದನ್ನು ಎಳೆಸಿ ತಂದು ನನ್ನ ತರಗತಿಯಲ್ಲಿ ಹಾಕಿಸಿದೆ. ಹುಡುಗಿಯರು ಸರದಿಯಂತೆ ಬಾಂಕು ಹತ್ತಿ ನಿಲ್ಲಬೇಕು, ಪಾಟಿ ನನ್ನ ಎದೆಯ ಮಟ್ಟಕ್ಕೆ ಹಿಡಿಯಬೇಕು, ನಾನು ನೆಟ್ಟಗೆ ನಿಂತು ತಿದ್ದಬೇಕು. ಬಾಂಕು ಹತ್ತುವ ಆಸೆಗೆ ಬರೆಯದ ಹುಡುಗಿಯರೂ ಬರೆಯತೊಡಗಿದರು. ದೊಡ್ಡಕ್ಕೋರು "ಸಾಹೇಬ್ರು ಬಂದ್ರ ಎಲ್ಲಿ ಕುಂಡ್ರಸೂದ್ರಿ?" ಎಂದು ಕೈ ಹಿಸುಕಿಕೊಂಡರು. "ಅವತ್ತಿಂದು ಅವತ್ತ ನೋಡೂಣ್ರಿ" ಎಂದೆ.

ಅವತ್ತು ಬಂದೇ ಬಂತು. ಸಾಹೇಬರು ಬಾಗಿಲಲ್ಲಿ ನಿಂತಾಗ ಅವರ ಬಾಂಕಿನ ಮೇಲೆ ಎಣ್ಣೆ ಜಡೆಯ ಐದಾರು ಹುಡುಗಿಯರು ನಿಂತಿದ್ದರು. ದೊಡ್ಡಕ್ಕೋರ ಮುಖ ಬಿಳುಪೇರಿತು. "ಏನಿದು?" ಎಂದರು ಸಾಹೇಬರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ನನಗ ಟೊಂಕನೋವು ಐತ್ರಿ, ಸಾಹೇಬ್ರ. ಬಗ್ಗಾಕ ಬರೂದಿಲ್ಲ. ಅದಕ್ಕ ಹುಡುಗ್ಯಾರನ್ನ ಮ್ಯಾಲೆ ಹತ್ತಿಸೇನಿ. ಪಾಠ ಒಂದೂ ಬಿಟ್ಟಿಲ್ಲರಿ, ನೀವ ಕೇಳಿ ನೋಡ್ರಿ" ಎಂದೆ. ಅವರು ಕೇಳಿದರು. ಎಲೆತೋಟದ ಹುಡುಗಿ ಗಟ್ಟಿಯಾಗಿ ಓದಿದಳು. ಅವಳ ಪಕ್ಕದವಳು ಪಾಟಿಯ ಮೇಲೆ ತನ್ನ ಹೆಸರನ್ನೂ ತನ್ನ ತಾಯಿಯ ಹೆಸರನ್ನೂ ಬರೆದು ತೋರಿಸಿದಳು. ಸಾಹೇಬರು ಪಾಟಿಗಳನ್ನೆಲ್ಲ ನೋಡಿದರು. ದೊಡ್ಡಕ್ಕೋರು ತಮ್ಮ ಖುರ್ಚಿಯನ್ನೇ ತರಿಸಿದರೂ ಕೂರಲಿಲ್ಲ. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದರು. ಆ ಹಿಡಿತವನ್ನು ಎಲ್ಲೋ ನೋಡಿದ್ದೇನೆ ಅನಿಸಿತು.

"ಛಲೋ ನಡದೈತಿ, ಹಿಂಗ ನಡೀಲಿ" ಎಂದು ದೊಡ್ಡಕ್ಕೋರಿಗೆ ಹೇಳಿ ಹೊರಟವರು ಅಂಗಳದಲ್ಲಿ ನಿಂತು ನನ್ನನ್ನು ಮಾತ್ರ ಕರೆದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅಕ್ಕೋರ, ಜೀಪಿನ್ಯಾಗ ತಿರುಗಿ ತಿರುಗಿ ನಂದೂ ಅದ ಹಣೇಬರಾ ಆಗೇತ್ರಿ. ಕುಂತ್ರ ಏಳಾಕ ಬರೂದಿಲ್ಲ. ಈ ಊರಾಗ ಒದಿಯೂ ಅವ್ವಾರು ಯಾರೋ ಅದಾರಂತಲ್ಲ, ನಿಮಗೇನರ ಗೊತ್ತೇನ್ರಿ?"

ಮುಂದಿನ ಭಾನುವಾರ ಇನ್ಸ್‌ಪೆಕ್ಟರ್ ಸಾಹೇಬರು ಕೋಟು ಕಳಚಿ ನಮ್ಮ ಮನೆಯ ಹೊಸ್ತಿಲಿಗೆ ಅಡ್ಡಲಾಗಿ ಮಲಗಿ, ಸಾಲಿಯ ಹುಡುಗನಂತೆ ತಪ್ಪಿಲ್ಲದೆ "ನನ್ನ ಒದೀರಿ" ಎಂದರು. ಕಾಲೆತ್ತಬೇಕಾಗಿದ್ದ ಮನೆಯವರು ಸಂತೆಯ ಚೀಲ ಹಿಡಿದು ನಸುಕಿನಲ್ಲೇ ಹೊರಬಿದ್ದಿದ್ದರು. ಸವಣೂರಿನಲ್ಲಿ ಅಂದು ಸಂತೆ ಇರಲಿಲ್ಲ. ಹೀಗಾಗಿ ಅತ್ತೆಯ ಕಾಲನ್ನು ನಾನೇ ಎತ್ತಿದೆ. ತಮ್ಮ ಮೇಲಧಿಕಾರಿಗೆ ಒದೆಯುವ ಭಾಗ್ಯ, ಅದೂ ಅವರೇ ಬೇಡಿಕೊಂಡ ಮೇಲೆ, ಎಷ್ಟು ಅಕ್ಕೋರಿಗೆ ಸಿಕ್ಕೀತು ಹೇಳಿ! ಮೂರನೆಯದನ್ನು, ಇಲಾಖೆಯ ಎಲ್ಲ ಶಿಕ್ಷಕಿಯರ ಪರವಾಗಿ, ಸ್ವಲ್ಪ ಜೋರಾಗಿಯೇ ಮುಟ್ಟಿಸಿದೆ. "ಹಗುರಾತು ನೋಡ್ರಿ" ಎಂದು ಸಾಹೇಬರು ಎದ್ದು ಕೈ ಮುಗಿದರು. ಅತ್ತೆ ಮಂತ್ರ ಗುಣುಗುತ್ತಲೇ ಇದ್ದರು.

ಅಂದಿನಿಂದ ಭಾನುವಾರದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ಮನೆಯವರಿಗೆ ಭಾನುವಾರದ ಸಂತೆಯೂ ಕಾಯಂ ಆಗಿದೆ. ಸಾಲಿಯಲ್ಲಿ ಬಗ್ಗುವುದನ್ನು ತಪ್ಪಿಸಿಕೊಂಡ ಜಾಣೆ ನಾನು. ಆದರೆ ಅತ್ತೆಯ ಕಾಲೆತ್ತಲು ನೆಲದವರೆಗೆ ಬಗ್ಗಲೇಬೇಕು. ಬಂದವರೆಲ್ಲ ನೆಟ್ಟಗಾಗಿ ಬಸ್ಸು ಹತ್ತುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅತ್ತೆ ಮೊಣಕಾಲು ಹಿಡಿದು ಒಂದು ಗೋಡೆಗೆ, ನಾನು ಟೊಂಕ ಹಿಡಿದು ಇನ್ನೊಂದು ಗೋಡೆಗೆ ಒರಗುತ್ತೇವೆ. ನಡುವೆ ಹಕೀಮ ಸಾಹೇಬರ ಎಣ್ಣೆಯ ಬಾಟಲಿ. "ನಿನಗೂ ಒಂದು ಒದಿ ಹಾಕ್ಲೇನ ತಂಗಿ?" ಎಂದು ಅತ್ತೆ ಕೇಳುತ್ತಾರೆ. "ಹಾಕ್ರಿ ಅತ್ಯಾರ. ಕಾಲು ಎತ್ತಾವ್ರ ಯಾರ್ರಿ?" ಎನ್ನುತ್ತೇನೆ. ಇಬ್ಬರೂ ನಗುತ್ತೇವೆ, ನಕ್ಕರೆ ಇಬ್ಬರಿಗೂ ನೋಯುತ್ತದೆ.

ಸೋಮವಾರ ಬೆಳಗ್ಗೆ ಗಂಟೆ ಹೊಡೆಯುವ ಮೊದಲೇ ನಾನು ಬಾಂಕಿನ ಮುಂದೆ ನಿಂತಿರುತ್ತೇನೆ. ಮೊನ್ನೆ ಬಾವಿಕಟ್ಟೆಯ ಆ ಹೆಂಗಸು ತನ್ನ ಮಗಳ ಹೆಸರು ಹಚ್ಚಲು ಸಾಲಿಗೆ ಬಂದವಳು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ದೊಡ್ಡಕ್ಕೋರಿಗೆ ಹೇಳಿದಳು: "ಇವರಿಗೇನೂ ಆಗಿಲ್ಲ ಬಿಡ್ರಿ. ಗುಂಡಕಲ್ಲ ಇದ್ದಂಗ ಅದಾರ." ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಮಗಳ ಕೈಯಿಂದ ಜಾರಿ ಬಿದ್ದ ಬಳಪವನ್ನು ಎತ್ತಿಕೊಡಲು, ಟೊಂಕವನ್ನೇ ಮರೆತು, ಬಗ್ಗಿಬಿಟ್ಟೆ.